ನೆರೆಮನೆಯವಳ ಕಾಯಿಲೆ

ಊರಿಗೆಲ್ಲ ಬಾಗಿಲು ಬಿದ್ದ ಮೇಲೆ ಬಿಳಿಯಮ್ಮನ ಮನೆಯಲ್ಲಿ ಗುಟ್ಟು ಇಟ್ಟುಕೊಳ್ಳಲು ಒಂದು ಮೂಲೆಯೂ ಉಳಿಯಲಿಲ್ಲ.

ಬಿಳಿಯಮ್ಮ ಅನ್ನುವುದು ಬೀದಿಯವರು ಇಟ್ಟ ಹೆಸರು. ಮೈಬಣ್ಣ ನೋಡಿ ಇಟ್ಟದ್ದಲ್ಲ, ಅವಳ ಕೈಯಿಂದ ಹೊರಬರುತ್ತಿದ್ದ ಚಾದರಗಳನ್ನು ನೋಡಿ ಇಟ್ಟದ್ದು. ಗಂಡ ಹೆಂಡತಿ ಸೇರಿ ಮೂವತ್ತೆರಡು ವರ್ಷದಿಂದ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಹಿಂದಿನ ಅಂಗಳದಲ್ಲಿ ಎರಡು ಸಿಮೆಂಟ್ ತೊಟ್ಟಿ ಮತ್ತು ಗಡಗಡ ನಡುಗುವ ಒಂದು ಹಳೇ ಯಂತ್ರ, ತಾರಸಿಯ ಮೇಲೆ ಒಣಹಾಕುವ ತಂತಿಗಳು. ಅಂಗಳಕ್ಕೂ ತಾರಸಿಗೂ ನಡುವೆ ಹತ್ತೊಂಬತ್ತು ಮೆಟ್ಟಿಲು.

ಮೊದಲಾದರೆ ಬೆಳಗ್ಗೆ ಒಂಬತ್ತಕ್ಕೆಲ್ಲ ಮನೆ ಖಾಲಿಯಾಗುತ್ತಿತ್ತು. ಗಂಡ ಹೋಟೆಲುಗಳಿಗೆ ಬಟ್ಟೆ ಮುಟ್ಟಿಸಲು ಹೋಗುತ್ತಿದ್ದ, ಮಗ ವ್ಯಾನ್ ಓಡಿಸಲು, ಸೊಸೆ ಒಂದು ಶಾಲೆಯ ಕಚೇರಿಗೆ. ಎತ್ತುವ ಇಳಿಸುವ ಕೆಲಸಕ್ಕೆ ಇಬ್ಬರು ಗಟ್ಟಿ ಹೆಂಗಸರು ಬರುತ್ತಿದ್ದರು. ಬಿಳಿಯಮ್ಮ ತನ್ನ ಪಾಡಿಗೆ ತಾನು ಸೋಪು, ನೀಲಿ, ಗಂಜಿ ನೋಡಿಕೊಂಡು, ಬೇಕೆನಿಸಿದಾಗ ಸ್ಟೂಲಿನ ಮೇಲೆ ಕೂತು, ಎಷ್ಟು ಸಲ ಬೇಕಾದರೂ ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಕೇಳುವವರಿರಲಿಲ್ಲ.

ಸೋಂಕು ಬಂತು. ಹೋಟೆಲುಗಳು ಮುಚ್ಚಿದವು, ಕೆಲಸದ ಹೆಂಗಸರು ಬರಲಾಗದೆ ತಮ್ಮ ಮನೆಯಲ್ಲೇ ಉಳಿದರು, ಮಿಕ್ಕ ಮೂವರೂ ಮನೆಗೆ ಬಂದು ಕೂತರು. ಇನ್ನು ಕೆಲಸವೇ ಇಲ್ಲ ಅಂದುಕೊಳ್ಳುವಷ್ಟರಲ್ಲಿ ಹೆರಿಗೆ ಆಸ್ಪತ್ರೆಯವರು ಫೋನ್ ಮಾಡಿದರು. ಅವರ ಬಟ್ಟೆ ಒಗೆಯುವವರಲ್ಲಿ ಅರ್ಧ ಜನ ಬರುತ್ತಿಲ್ಲ, ಹೆರಿಗೆ ವಾರ್ಡಿನ ಚಾದರಗಳನ್ನು ಕುದಿಸಿ ಕಳಿಸುತ್ತೇವೆ, ಒಗೆದು ಕೊಡುತ್ತೀರಾ ಎಂದು.

"ಲೋಕವೇ ನಿಂತ್ರೂ ಮಕ್ಕಳು ಹುಟ್ಟೋದು ನಿಲ್ಲುತ್ತಾ?" ಅಂದ ಗಂಡ. ಒಪ್ಪಿಕೊಂಡುಬಿಟ್ಟ. ದಿನಕ್ಕೆ ನೂರಿಪ್ಪತ್ತು ಚಾದರ.

ಒದ್ದೆ ಚಾದರದ ಭಾರ ಎತ್ತಿದವರಿಗೇ ಗೊತ್ತು. ಸೊಸೆ ಐದು ತಿಂಗಳ ಬಸುರಿ, ಅವಳು ಕೂತಲ್ಲಿಯೇ ಹರಿದದ್ದನ್ನು ಹೊಲಿಯುವುದು ಎಂದಾಯಿತು. ಗಂಡನಿಗೆ ಇಸ್ತ್ರಿ. ಮಗ ಯಂತ್ರ ನೋಡಿಕೊಂಡು ಆಸ್ಪತ್ರೆಗೆ ವ್ಯಾನಿನಲ್ಲಿ ಸಾಗಿಸಬೇಕು. ಮೆಟ್ಟಿಲು ಹತ್ತಿ ಒಣಹಾಕುವುದು ಬಿಳಿಯಮ್ಮನ ಪಾಲಿಗೆ ಬಂತು. ಮೂರನೇ ದಿನಕ್ಕೇ ಜಗಳ.

"ಅಮ್ಮ, ಏನಿದು, ಬುಟ್ಟಿಗೆ ಎರಡೇ ಎರಡು ಚಾದರ ಹಾಕ್ಕೊಂಡು ಹೋಗ್ತೀಯ? ಹೀಗಾದ್ರೆ ಸಂಜೆ ಆಗುತ್ತೆ."

"ಆಗ್ಲಿ ಬಿಡು. ಸೂರ್ಯ ಎಲ್ಲಿಗೂ ಓಡಿ ಹೋಗಲ್ಲ."

"ಸಂಜೆ ಅವನೇ ಅಲ್ವಾ ಓಡಿ ಹೋಗೋದು!"

"ಹಾಗಾದ್ರೆ ನೀನೇ ಹತ್ತು."

"ನಾನು ವ್ಯಾನ್ ತುಂಬಿಸ್ಲಾ, ಮೆಟ್ಟಿಲು ಹತ್ಲಾ? ಮೇಲಿಂದ ಇಳಿದ ತಕ್ಷಣ ನೀನು ಬಚ್ಚಲು ಸೇರಿಕೊಂಡ್ರೆ ಅರ್ಧ ಗಂಟೆ ಬರಲ್ಲ. ಮನೇಲಿ ಇರೋದೇ ಒಂದು ಬಚ್ಚಲು. ಹೊರಗೆ ನಾನು ಒಂಟಿ ಕಾಲಲ್ಲಿ ಕುಣೀತಿರ್ತೀನಿ."

ಗಂಡ ಇಸ್ತ್ರಿ ಮೇಜಿನಿಂದಲೇ ದನಿ ಸೇರಿಸಿದ. "ವಯಸ್ಸಾಗ್ತಾ ಬಂತು ಕಣೋ ನಿಮ್ಮಮ್ಮನಿಗೆ. ಮೈ ಬಗ್ಗಲ್ಲ."

ಮೈ ಬಗ್ಗುವುದಿಲ್ಲ ಅನ್ನಿಸಿಕೊಂಡದ್ದು ಅವಳಿಗೆ ಸೂಜಿ ಚುಚ್ಚಿದ ಹಾಗಾಯಿತು. ಹೇಳಲು ಬಾಯಿ ಬಾರದು, ಹೇಳದೆ ಇದ್ದರೆ ಸೋಮಾರಿ ಅನ್ನಿಸಿಕೊಳ್ಳಬೇಕು. ಹನ್ನೊಂದು ವರ್ಷದಿಂದ ಅವಳ ಗರ್ಭಕೋಶ ಕೆಳಗೆ ಜಾರುತ್ತಿತ್ತು. ಬೆಳಗ್ಗೆ ಎದ್ದಾಗ ಏನೂ ಇಲ್ಲ. ಹತ್ತು ಗಂಟೆಗೆ ಭಾರ, ಮಧ್ಯಾಹ್ನಕ್ಕೆ ಜಗ್ಗಾಟ, ಸಂಜೆಯ ಹೊತ್ತಿಗೆ ಕೆಳಗೊಂದು ಹಣ್ಣು ಸಿಕ್ಕಿಕೊಂಡ ಹಾಗೆ. ಅವಳು ಅದಕ್ಕೊಂದು ಹೆಸರನ್ನೂ ಇಟ್ಟಿರಲಿಲ್ಲ. "ಅದು" ಅಂದುಕೊಳ್ಳುತ್ತಿದ್ದಳು, ಅಷ್ಟೆ. ಬಟ್ಟೆ ಮಡಿಸಿ ಬಿಗಿದು ಕಟ್ಟಿಕೊಂಡು, ಸೀನು ಬಂದರೆ ಕಾಲಿಗೆ ಕಾಲು ಹೆಣೆದುಕೊಂಡು, ನಗು ಬಂದರೆ ಬಾಯಿ ಮುಚ್ಚಿಕೊಂಡು ಬದುಕುವುದನ್ನು ಕಲಿತಿದ್ದಳು. ಚಳಿಗಾಲದಲ್ಲಿ ಧೈರ್ಯ ಮಾಡಿ, ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿ, ಆಪರೇಷನ್ನಿಗೆ ದಿನವನ್ನೂ ಗೊತ್ತು ಮಾಡಿಕೊಂಡಿದ್ದಳು. ಮನೆಯಲ್ಲಿ ತಂಗಿಯ ಊರಿಗೆ ಹದಿನೈದು ದಿನ ಹೋಗುತ್ತೇನೆ ಅಂದಿದ್ದಳು. ಆ ದಿನಕ್ಕೆ ಒಂಬತ್ತು ದಿನ ಇದ್ದಾಗ ಲಾಕ್‌ಡೌನ್ ಆಯಿತು. ವಿಚಾರಿಸಲು ಹೋದರೆ ಗೇಟಿನವನು ಒಳಗೇ ಬಿಡಲಿಲ್ಲ.

"ಜೀವ ಹೋಗೋ ಕೇಸು ಮಾತ್ರ ಅಮ್ಮ. ಮಿಕ್ಕಿದ್ದೆಲ್ಲ ಮುಂದಕ್ಕೆ."

"ನನ್ನದು ಜೀವ ಹೋಗೋದಲ್ಲಪ್ಪ, ಜೀವ ತಿನ್ನೋದು," ಅಂದಳು. ಅವನು ಪಾಪ, ಏನು ಮಾಡಿಯಾನು?

ಹೀಗಿರುವಾಗ ಒಂದು ಮಂಗಳವಾರ ಗಂಜಿ ಪುಡಿ ಮೂಗಿಗೆ ಹೋಯಿತು. ಸೀನು ಬಂತು. ಬಿಳಿಯಮ್ಮ ಎಂದಿನಂತೆ ಕಾಲು ಹೆಣೆದು, ಮೂಗು ಹಿಡಿದು, ಕಣ್ಣು ಮುಚ್ಚಿ ಅದನ್ನು ನುಂಗಲು ನೋಡಿದಳು. ಮುಖ ಕೆಂಪಗಾಯಿತು. ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ಗಂಡ ಅಂಗಳಕ್ಕೆ ಬಂದ.

"ಏನೇ ಅದು? ಉಸಿರು ಕಟ್ತಿದೆಯಾ?"

"ಏನಿಲ್ಲ."

"ಏನಿಲ್ಲ ಅಂದ್ರೆ? ಕಣ್ಣಲ್ಲಿ ನೀರು, ಮುಖ ಕೆಂಪು! ಲೋ, ಬಾರೋ ಇಲ್ಲಿ! ನಿಮ್ಮಮ್ಮನಿಗೆ ಬಂದಿದೆ!"

ಅಷ್ಟೇ ಸಾಕಾಯಿತು. ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆಗೆ ಕಳಿಸಿ, ಫಲಿತಾಂಶ ಬರುವವರೆಗೆ ಅವಳನ್ನು ಹಿಂದಿನ ಕೋಣೆಗೆ ಹಾಕಿ ಬಾಗಿಲು ಮುಂದೆ ಮಾಡಿದರು. ಹೊಸ್ತಿಲಲ್ಲಿ ತಟ್ಟೆ, ಲೋಟ. ಗಂಡ ಮೂರು ಮಾರು ದೂರದಲ್ಲಿ ಸ್ಟೂಲು ಹಾಕಿಕೊಂಡು ಕೂತು ಗಂಟೆಗೊಮ್ಮೆ ಕೂಗುತ್ತಿದ್ದ.

"ಇದೀಯೇನೇ?"

"ಇದೀನಿ. ಅನ್ನ ಬೆಂದಿರ್ಲಿಲ್ಲ."

"ಬಾಯಿಗೆ ರುಚಿ ತಿಳೀತಿದೆ! ಒಳ್ಳೇ ಲಕ್ಷಣ!"

ಮೂರು ದಿನ ಬಿಳಿಯಮ್ಮ ಮಲಗಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹಗಲು ಬೆನ್ನನ್ನು ಹಾಸಿಗೆಗೆ ಕೊಟ್ಟಳು. ಎರಡನೇ ದಿನಕ್ಕೆ ಕೆಳಗಿನ ಜಗ್ಗಾಟವೆಲ್ಲ ತಾನಾಗಿ ಹಿಂದೆ ಸರಿದು, ಹೊಟ್ಟೆ ಹಗುರಾಗಿ, ಸೂರಿನ ಕಡೆ ನೋಡುತ್ತ ಸುಮ್ಮಸುಮ್ಮನೆ ಗುನುಗಿದಳು. ನಾಲ್ಕನೇ ದಿನ ಬೆಳಗ್ಗೆ ಮಗ ಬಾಗಿಲು ಬಡಿದು "ಅಮ್ಮ, ಸೋಂಕಿಲ್ಲ! ಬಾ ಹೊರಗೆ!" ಅಂದಾಗ ಅವಳ ಮುಖ ಬಾಡಿತು.

ಸೊಸೆ ಅದನ್ನು ನೋಡಿಬಿಟ್ಟಳು. "ಅತ್ತೆ, ಕಾಯಿಲೆ ಇಲ್ಲ ಅಂದ್ರೆ ಯಾರಾದ್ರೂ ಮುಖ ಸಣ್ಣ ಮಾಡ್ತಾರಾ?"

"ಇನ್ನೆರಡು ದಿನ ತಡವಾಗಿ ಬಂದಿದ್ರೆ ಆಗ್ತಿತ್ತು," ಅಂದಳು ಬಿಳಿಯಮ್ಮ. ಸೊಸೆ ನಕ್ಕಳು. ಆದರೆ ಅವಳ ಕಣ್ಣು ಅತ್ತೆಯ ಮೇಲೇ ಇತ್ತು.

ಸೊಸೆಯ ಬಸುರಿನ ತಪಾಸಣೆಯೂ ಆಗ ಫೋನಿಗೆ ಬಂದಿತ್ತು. ತೀರಾ ಬೇಕಾದಾಗ ಮಾತ್ರ ಆಸ್ಪತ್ರೆಗೆ ಬನ್ನಿ, ಮಿಕ್ಕಂತೆ ನಾನೇ ಗುರುವಾರ ಗುರುವಾರ ಫೋನ್ ಮಾಡುತ್ತೇನೆ ಅಂದಿದ್ದರು ಹೆರಿಗೆ ವಿಭಾಗದ ಸಿಸ್ಟರ್. ಮನೆಗೆ ಇದ್ದ ಒಳ್ಳೆಯ ಫೋನು ಒಂದೇ. ಅದೂ ಒಮ್ಮೆ ತೊಟ್ಟಿಗೆ ಬಿದ್ದು ಎದ್ದು ಬಂದ ಮೇಲೆ ಸ್ಪೀಕರಿನಲ್ಲಿ ಮಾತ್ರ ಮಾತಾಡುತ್ತಿತ್ತು. ಹಾಗಾಗಿ ಗುರುವಾರ ಹನ್ನೊಂದಕ್ಕೆ ಮಗು ಒದೆಯಿತೇ, ಪಾದ ಊದಿದೆಯೇ, ಮಲವಿಸರ್ಜನೆ ಸರಿಯಾಗಿದೆಯೇ ಎಂಬ ಪ್ರಶ್ನೆಗಳನ್ನು ಮನೆಮಂದಿಯೆಲ್ಲ ಕೇಳಿಸಿಕೊಳ್ಳಬೇಕಿತ್ತು. ಮಗ ಆ ಹೊತ್ತಿಗೆ ಯಂತ್ರ ಶುರು ಮಾಡಿಬಿಡುತ್ತಿದ್ದ.

ಆ ಗುರುವಾರ ಸೊಸೆಯ ಮಾತು ಮುಗಿದಾಗ ಬಿಳಿಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಫೋನಿನತ್ತ ಬಾಗಿದಳು.

"ಸಿಸ್ಟರ್, ಒಂದು ಮಾತು. ನನಗಲ್ಲ. ನಮ್ಮ ನೆರೆಮನೆಯವಳಿಗೆ."

"ಹೇಳಿ ಅಮ್ಮ."

"ಅವಳಿಗೆ... ಕೆಳಗೆ ಏನೋ ಜಾರಿ ಬಂದ ಹಾಗೆ. ಸಂಜೆ ಹೊತ್ತಿಗೆ ಜಾಸ್ತಿ. ಆಪರೇಷನ್ನಿಗೆ ದಿನ ಕೊಟ್ಟಿದ್ರು, ಈಗ ಮುಂದಕ್ಕೆ ಹಾಕಿದಾರೆ. ಅಲ್ಲೀವರೆಗೆ ಏನು ಮಾಡ್ಬೇಕು ಅಂತ ಕೇಳ್ತಿದ್ಲು."

ಮುಂದಿನ ಕೋಣೆಯಲ್ಲಿ ಇಸ್ತ್ರಿಯ ಸದ್ದು ನಿಂತಿತು.

"ಗರ್ಭಕೋಶ ಜಾರಿರೋದು ಅಮ್ಮ," ಅಂದರು ಸಿಸ್ಟರ್, ಮಳೆ ಬರುತ್ತಿದೆ ಅಂದಷ್ಟು ಸಲೀಸಾಗಿ. "ತುಂಬಾ ಜನಕ್ಕೆ ಆಗುತ್ತೆ. ಮಾನ ಹೋಗೋ ವಿಷಯ ಅಲ್ಲ. ಅವರು ಭಾರ ಎತ್ತಬಾರದು. ಮುಕ್ಕಿ ಮಲವಿಸರ್ಜನೆ ಮಾಡಬಾರದು, ನೀರು, ಸೊಪ್ಪು ಚೆನ್ನಾಗಿ ತಗೋಬೇಕು. ಮೂತ್ರ ತಡೆಯೋವಾಗ ಬಿಗಿ ಹಿಡೀತೀವಲ್ಲ, ಹಾಗೆ ಹಿಡಿದು ಬಿಡೋದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ರಕ್ತ ಬಂದ್ರೆ, ಮೂತ್ರ ಕಟ್ಟಿಬಿಟ್ರೆ ಮಾತ್ರ ಕಾಯಬಾರದು, ತಕ್ಷಣ ಬರ್ಬೇಕು. ಅವರು ಏನು ಕೆಲಸ ಮಾಡ್ತಾರೆ?"

"ಚಾದರ..." ಅಂದು ನಾಲಿಗೆ ಕಚ್ಚಿಕೊಂಡಳು. "ಅಲ್ಲ, ಪೆಟ್ಟಿಗೆ ಎತ್ತುತ್ತಾಳೆ. ಗುಂಡಿ ಪೆಟ್ಟಿಗೆ."

ಎಡಗಡೆ ಮನೆಯಲ್ಲಿ ಅಂಗಿ ಗುಂಡಿ, ದಾರ, ಲೇಸು ಮಾರುವ ಅಂಗಡಿ ಇಟ್ಟುಕೊಂಡಿದ್ದವಳನ್ನು ಬೀದಿಯೆಲ್ಲ ಗುಂಡಿಯಕ್ಕ ಅನ್ನುತ್ತಿತ್ತು. ಆ ಹೊತ್ತಿಗೆ ಬಾಯಿಗೆ ಬಂದದ್ದು ಅವಳೇ.

"ಅವರಿಗೆ ನನ್ನ ಜೊತೆ ಮಾತಾಡೋಕೆ ಹೇಳಿ. ಯಾವಾಗ ಬೇಕಾದ್ರೂ," ಅಂದರು ಸಿಸ್ಟರ್.

ಆಮೇಲಿನ ದಿನಗಳಲ್ಲಿ ಬಿಳಿಯಮ್ಮ ಚಹಾ ಸೋಸುವಾಗ, ನೀಲಿ ಕದಡುವಾಗ ಬಿಗಿ ಹಿಡಿದು ಬಿಡುವುದನ್ನು ಶುರು ಮಾಡಿದಳು. ಎಣಿಸುವಾಗ ತುಟಿ ಅಲ್ಲಾಡುತ್ತಿತ್ತು. ಮಗ "ಅಮ್ಮ ಯಾವಾಗಿಂದ ಜಪ ಮಾಡೋಕೆ ಹತ್ತಿದ್ಲು?" ಅಂದ.

ಆದರೆ ಅವಳು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ತನ್ನ ಗಂಡನ ಮೃದು ಮನಸ್ಸನ್ನು. ಬೆಕ್ಕಿಗೆ ನೆಗಡಿಯಾದರೂ ಕರಗುವ ಮನುಷ್ಯ ಅವನು. ಗುಂಡಿಯಕ್ಕನ ಕಷ್ಟ ಕೇಳಿ ಅವನಿಗೆ ಊಟ ಸೇರಲಿಲ್ಲ. ಸೋಮವಾರ ಅವಳ ಅಂಗಡಿಗೆ ಮಾಲು ಬಂತು. ಅವನು ಇಸ್ತ್ರಿ ಬಿಟ್ಟು ಓಡಿ ಹೋಗಿ ಅವಳ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡ. ಹದಿನಾಲ್ಕು ಪೆಟ್ಟಿಗೆಯನ್ನೂ ತಾನೇ ಒಳಗಿಟ್ಟ. ಅಲ್ಲಿಗೆ ಬಿಡಬಾರದೇ? ಹೊರಡುವಾಗ, ಸರದಿಯಲ್ಲಿ ನಿಂತಿದ್ದ ನಾಲ್ಕು ಗಿರಾಕಿಗಳ ಎದುರಿಗೆ, ಮಾಸ್ಕಿನೊಳಗಿಂದ ಗಟ್ಟಿಯಾಗಿ ಹೇಳಿದ:

"ನೀವಿನ್ನು ಭಾರ ಎತ್ತಬೇಡಿ. ಗರ್ಭಕೋಶ ಜಾರೋದು ಮಾನ ಹೋಗೋ ವಿಷಯ ಅಲ್ಲ. ತುಂಬಾ ಜನಕ್ಕೆ ಆಗುತ್ತೆ."

ಹತ್ತು ನಿಮಿಷದಲ್ಲಿ ಗುಂಡಿಯಕ್ಕ ಬಿಳಿಯಮ್ಮನ ಹೊಸ್ತಿಲಲ್ಲಿದ್ದಳು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಕತ್ತರಿ, ಮಾಸ್ಕು ಗಲ್ಲದ ಕೆಳಗೆ.

"ನನ್ನ ಗರ್ಭಕೋಶ ಯಾವಾಗಿಂದ ನಿಮ್ಮ ಮನೇಲಿ ಮಾತಿಗೆ ಬಂತು?"

ಮನೆಯವರೆಲ್ಲ ಮುಂದಿನ ಕೋಣೆಗೆ ಬಂದರು. ಗಂಡ ತೊದಲಿದ. "ತಪ್ಪು ತಿಳೀಬೇಡಿ. ಕಾಳಜಿಯಿಂದ ಹೇಳಿದ್ದು..."

"ಏನು ಕಾಳಜಿ? ಅದನ್ನ ತೆಗೆಸಿ ಎಂಟು ವರ್ಷ ಆಯ್ತು! ಇಲ್ಲದೇ ಇರೋದು ಎಲ್ಲಿಂದ ಜಾರುತ್ತೆ ಸ್ವಾಮಿ?"

ಮಗ ಗೋಡೆ ನೋಡಿದ. ಗಂಡ ಹೆಂಡತಿಯನ್ನು ನೋಡಿದ. "ನೀನೇ ತಾನೇ ಹೇಳಿದ್ದು, ಸಿಸ್ಟರ್ ಹತ್ರ?"

ಸೊಸೆ ಅತ್ತೆಯ ಪಕ್ಕಕ್ಕೆ ಬಂದು ನಿಂತಳು. ಬಿಳಿಯಮ್ಮ ಇನ್ನೊಂದು ಸುಳ್ಳು ಹುಡುಕಬಹುದಿತ್ತು, ಬಲಗಡೆಯೂ ಒಂದು ನೆರೆಮನೆ ಇತ್ತು. ಆದರೆ ಬೆಳಗಿನಿಂದ ಮೆಟ್ಟಿಲು ಹತ್ತಿ ಇಳಿದು ಸೊಂಟ ಬಿದ್ದು ಹೋಗಿತ್ತು, ಸುಳ್ಳು ಹೊರುವಷ್ಟು ಶಕ್ತಿ ಉಳಿದಿರಲಿಲ್ಲ.

"ನನ್ನದು," ಅಂದಳು. "ಜಾರಿರೋದು ನನ್ನದು. ಹನ್ನೊಂದು ವರ್ಷ ಆಯ್ತು."

ಗುಂಡಿಯಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟು, ಮಾಸ್ಕು ಮೇಲೆಳೆದುಕೊಂಡಳು. "ಅಯ್ಯೋ ನಿನ್ನ. ನನ್ನ ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ? ಎರಡು ವರ್ಷ ನಾನೂ ಬಟ್ಟೆ ಕಟ್ಕೊಂಡೇ ಓಡಾಡಿದ್ದು," ಅಂದಳು. ಬಂದ ಸಿಟ್ಟು ಎಲ್ಲಿ ಹೋಯಿತೋ, ತಾನೇ ಸ್ಟೂಲು ಎಳೆದು ಬಿಳಿಯಮ್ಮನನ್ನು ಕೂರಿಸಿದಳು.

ಅವಳು ಹೋದ ಮೇಲೆ ಗಂಡ ಬಾಯಿಬಿಟ್ಟ. "ನನಗೆ ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ಏನಂತ ಹೇಳ್ಲಿ?"

"ವರ್ಷಗಳ ಹಿಂದೆ ನೀನು ಹಾಸಿಗೆ ಸುತ್ಕೊಂಡು ಹಿಂದಿನ ಕೋಣೆಗೆ ಮಲಗೋಕೆ ಹೋದಾಗ, ಅದಕ್ಕೆ ನನ್ನ ಗೊರಕೆ ಕಾರಣ ಅಂದ್ಕೊಂಡೆ."

"ಗೊರಕೆಗೂ ಇದಕ್ಕೂ ಏನು ಸಂಬಂಧ?"

"ಏನು ಸಂಬಂಧ ಅಂತೀಯಲ್ಲ! ಮಗ್ಗುಲಲ್ಲಿ ಮಲಗಿದ್ರೆ ಗೊರಕೆ ಬರಲ್ಲ ಅಂತ ಯಾರೋ ಹೇಳಿದ್ರು. ಎರಡು ವರ್ಷ ಅಂಗಿ ಬೆನ್ನಿಗೆ ಬಟ್ಟೆ ಉಂಡೆ ಹೊಲ್ಕೊಂಡು ಮಲಗಿದೀನಿ ಕಣೇ, ನೀನು ವಾಪಸ್ ಬರ್ತೀಯೇನೋ ಅಂತ."

ಬಿಳಿಯಮ್ಮ ಅವನನ್ನು ದಿಟ್ಟಿಸಿದಳು. ಆ ಅಂಗಿಗಳನ್ನು ಒಗೆದವಳು ಅವಳೇ. ಉಂಡೆ ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ. ನಗುವೋ ಅಳುವೋ ತಿಳಿಯದೆ ಸೆರಗು ಬಾಯಿಗೆ ಹಿಡಿದಳು.

ಅವತ್ತು ಅಡುಗೆ ಗಂಡನದು. ಅನ್ನ ತಳ ಹಿಡಿದಿತ್ತು, ಸೊಪ್ಪಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಊಟಕ್ಕೆ ಕೂತಾಗ ಸೊಸೆ ಇನ್ನು ಯಾರು ಯಾವ ಕೆಲಸ ಅಂತ ಹಂಚತೊಡಗಿದಳು. ಮಗ ತಟ್ಟೆಯಿಂದ ತಲೆ ಎತ್ತದೆ ಗೊಣಗಿದ.

"ಊಟ ಮಾಡೋವಾಗ ಅಮ್ಮನ ಆ ವಿಷಯ ಬೇಡ."

"ಯಾವ ವಿಷಯ?" ಅಂದಳು ಸೊಸೆ. "ನೀವು ಎಲ್ಲಿಂದ ಬಂದ್ರಿ? ಮೋಡದಿಂದ ಉದುರಿದ್ರಾ?"

ಮಾವ ಕೆಮ್ಮಿ ನೀರು ಕುಡಿದ. ಮಗನ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತಿನ ಮೇಲೆ, ಉಪ್ಪಾದ ಸೊಪ್ಪನ್ನು ಅನ್ನಕ್ಕೆ ಕಲಸುತ್ತ, "ಬುಟ್ಟಿಗೆ ಎರಡೇ ಚಾದರ ಅಂತ ಬೈದೆ ನಿನ್ನ. ಒಂದೂ ಎತ್ತಬಾರ್ದಿತ್ತು ನೀನು," ಅಂದ. ಬಿಳಿಯಮ್ಮ ತನ್ನ ಪಾಲಿನ ಮೊಟ್ಟೆಯನ್ನು ಅವನ ತಟ್ಟೆಗಿಟ್ಟಳು.

ಮಾತಿಗಿಂತ ಕೈಯಲ್ಲಿ ಚುರುಕು ಆ ಹುಡುಗ. ಮರುದಿನ ಹಳೇ ಬಾವಿಯ ರಾಟೆಯೊಂದನ್ನು ಎಲ್ಲಿಂದಲೋ ತಂದು ತಾರಸಿಯ ಅಂಚಿಗೆ ಬಿಗಿದು, ವ್ಯಾನಿನ ಹಗ್ಗ ಪೋಣಿಸಿದ. ಅಂಗಳದಲ್ಲಿ ನಿಂತು ಎಳೆದರೆ ಹನ್ನೆರಡು ಚಾದರದ ಬುಟ್ಟಿ ಕೊಕ್ಕರೆಯ ಹಾಗೆ ಮೇಲೇರುತ್ತಿತ್ತು. ಗಂಡ ತಾರಸಿಯಲ್ಲಿ ನಿಂತು ಹರವಲು ಕಲಿತ. ಮೊದಲ ದಿನ ಎಲ್ಲವನ್ನೂ ಸೊಟ್ಟಗೆ ಹರವಿದ. ಬಿಳಿಯಮ್ಮ ಕೆಳಗೆ ಸ್ಟೂಲಿನ ಮೇಲೆ ಕೂತು ಆಳುವವಳಂತೆ ಕೈ ತೋರಿಸಿದಳು. "ಅಂಚಿಗೆ ಅಂಚು ಕೂಡಿಸಿ! ಗೋಣಿಚೀಲ ಅಲ್ಲ ಅದು!"

ಗುರುವಾರ ಬಂತು. ಸೊಸೆ ತನ್ನ ಮಾತು ಮುಗಿಸಿ ಫೋನನ್ನು ಅತ್ತೆಯ ಮುಂದಿಟ್ಟಳು.

"ನೆರೆಮನೆಯವರು ಹೇಗಿದಾರೆ ಅಮ್ಮ?" ಕೇಳಿದರು ಸಿಸ್ಟರ್.

"ನೆರೆಯವಳು ಗುಂಡುಕಲ್ಲಿನ ಹಾಗಿದಾಳೆ ಸಿಸ್ಟರ್. ನನ್ನ ಕಥೆ ಕೇಳಿ."

"ನಾನೂ ನಿಮ್ಮ ಕಥೆಗೇ ಕಾಯ್ತಿದ್ದೆ," ಅಂದರು ಸಿಸ್ಟರ್. ಆಪರೇಷನ್ನು ಯಾವಾಗ ಶುರುವಾಗುತ್ತದೋ ಅವರಿಗೂ ಗೊತ್ತಿರಲಿಲ್ಲ. ಆದರೆ ಅಲ್ಲಿಯವರೆಗೆ ನರಳುತ್ತ ಕೂರಬೇಕಾಗಿಲ್ಲ ಅಂದರು. ಮೆತ್ತನೆಯ ಬಳೆಯಂಥ ಒಂದು ರಿಂಗು ಬರುತ್ತದೆ, ಒಳಗೆ ಕೂರಿಸಿದರೆ ಜಾರಿದ್ದನ್ನು ಎತ್ತಿ ಹಿಡಿಯುತ್ತದೆ, ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಆಸ್ಪತ್ರೆಯ ಪಕ್ಕದ ಗೇಟಿನ ಕೋಣೆಯಲ್ಲಿ ವಾರಕ್ಕೆರಡು ಬೆಳಗ್ಗೆ ಹೆಂಗಸರ ಡಾಕ್ಟರು ಕೂರುತ್ತಿದ್ದಾರೆ. "ಜೀವ ಹೋಗೋ ಕೇಸು ಮಾತ್ರ ಅಂತ ಯಾರಾದ್ರೂ ಅಂದ್ರೆ ನನ್ನ ಹೆಸರು ಹೇಳಿ," ಅಂದರು.

ಶನಿವಾರ ಮಗ ಅಮ್ಮನನ್ನು ವ್ಯಾನಿನಲ್ಲಿ, ಇಸ್ತ್ರಿಯಾದ ಚಾದರದ ಗಂಟುಗಳ ನಡುವೆ ಕೂರಿಸಿಕೊಂಡು ಹೊರಟ. ಖಾಲಿ ರಸ್ತೆ. ಚೌಕದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ.

"ಒಳಗೇನಿದೆ?"

"ಆಸ್ಪತ್ರೆ ಚಾದರ ಸಾರ್. ಮತ್ತೆ ನಮ್ಮಮ್ಮ."

"ಅಮ್ಮನಿಗೇನು? ಸೋಂಕಾ?"

ಮಗ ಒಂದು ಕ್ಷಣ ತಡವರಿಸಿದ. "ಗರ್ಭಕೋಶ ಜಾರಿದೆ ಸಾರ್. ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದೀನಿ," ಅಂದ, ಒಂದೇ ಉಸಿರಿಗೆ. ಪೊಲೀಸಿನವನು ಹಾದಿ ಬಿಟ್ಟು ಸರಿದ. ಗಂಟುಗಳ ನಡುವೆ ಬಿಳಿಯಮ್ಮ, ಇವನು ನನ್ನ ಮಗನೇನಾ ಎಂದು ಬೆರಗಾದಳು.

ಡಾಕ್ಟರಮ್ಮನ ಕೋಣೆ ಬಚ್ಚಲಿನಷ್ಟೇ ಇತ್ತು. ಹೊರಗಿನ ಸಾಲಿನಲ್ಲಿ ಏಳೆಂಟು ಹೆಂಗಸರು, ನಡುವೆ ಎರಡೆರಡು ಮಾರು ಅಂತರ. ಒಬ್ಬಳು ಬಸುರು ತಡೆಯುವ ಮಾತ್ರೆ ಮುಗಿದುಹೋಗಿದೆ ಅಂತ ಬಂದಿದ್ದಳು, ಇನ್ನೊಬ್ಬಳು ಅದಕ್ಕೇ ಹಾಕಿಸಿಕೊಳ್ಳುವ ಮೂರು ತಿಂಗಳ ಇಂಜೆಕ್ಷನ್ನಿಗೆ ಹೊತ್ತು ಮೀರಿತು ಅಂತ. ಇಷ್ಟು ಜನ ಇಷ್ಟು ಗುಟ್ಟು ಹೊತ್ತುಕೊಂಡು ಬೆಳಗ್ಗೆಯೇ ಬಂದು ನಿಂತದ್ದು ನೋಡಿ ಬಿಳಿಯಮ್ಮನಿಗೆ ಅರ್ಧ ಭಯ ಅಲ್ಲೇ ಇಳಿಯಿತು.

ರಿಂಗು ಕೂರಿಸಿದ್ದು ಐದೇ ನಿಮಿಷ. ಡಾಕ್ಟರಮ್ಮ ಕೈಗವಸು ಬದಲಿಸುತ್ತ, "ಈಗ ಎದ್ದು ನಿಂತು ಕೆಮ್ಮಿ," ಅಂದರು.

"ಕೆಮ್ಮೋದಾ? ಇಲ್ಲೇನಾ? ಈಗ್ಲೇನಾ?"

"ಜೋರಾಗಿ."

ಬಿಳಿಯಮ್ಮ ಕೆಮ್ಮಿದಳು, ಹೆದರಿ ಹೆದರಿ. ರಿಂಗು ಜಾರಿತು. "ಇದು ಸಣ್ಣದಾಯ್ತು," ಅಂದು ಡಾಕ್ಟರಮ್ಮ ಮುಂದಿನ ಅಳತೆಯದನ್ನು ಕೂರಿಸಿದರು. "ಇನ್ನೊಮ್ಮೆ."

ಈ ಸಲ ಕೆಮ್ಮಿದಳು. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಕೆಮ್ಮಿದಳು. ಅಲ್ಲಾಡಲಿಲ್ಲ. ಕುಕ್ಕರಗಾಲಲ್ಲಿ ಕೂತಳು, ಎದ್ದಳು, ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದಳು. ಹನ್ನೊಂದು ವರ್ಷ ನುಂಗಿದ್ದ ಕೆಮ್ಮನ್ನೆಲ್ಲ ಒಟ್ಟಿಗೆ ಹೊರಹಾಕುವವಳಂತೆ ಗಂಟಲು ಹರಿಯುವ ಹಾಗೆ ಮತ್ತೊಮ್ಮೆ ಕೆಮ್ಮಿದಳು. ಹೊರಗಿನ ಸಾಲು ದಡಬಡ ಗೇಟಿನವರೆಗೂ ಓಡಿತು.

"ಸಾಕಮ್ಮ, ಸಾಕು," ಅಂದರು ಡಾಕ್ಟರಮ್ಮ, ನಗು ತಡೆಯುತ್ತ. "ಇನ್ನು ಸ್ವಲ್ಪ ನೀರು ಕುಡಿದು, ಒಂದು ಸಲ ಮೂತ್ರಕ್ಕೆ ಹೋಗಿ ಬನ್ನಿ. ಸಲೀಸಾಗಿ ಆದ್ರೆ ಮನೆಗೆ."

ಮನೆಗೆ ಬರುವಾಗ ಅವಳು ಮುಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಸಾಲಿನವರು ಓಡಿದ್ದನ್ನು ಹೇಳಿ ಹೇಳಿ ನಕ್ಕಳು. ಅಮ್ಮ ಬಾಯಿ ಮುಚ್ಚಿಕೊಳ್ಳದೆ ನಕ್ಕದ್ದನ್ನು ಮಗ ನೋಡಿ ಎಷ್ಟು ಕಾಲವಾಗಿತ್ತೋ. ಗಾಡಿ ಓಡಿಸುವುದು ಬಿಟ್ಟು ಅವಳ ಕಡೆಯೇ ನೋಡಿ ಬೈಸಿಕೊಂಡ.

ಮೂರು ವಾರ ಕಳೆಯಿತು. ಮರುತಪಾಸಣೆಯಲ್ಲಿ ಎಲ್ಲ ಸರಿ ಇದೆ ಅಂದರು. ಒಂದೆರಡು ದಿನ ಒಳಗೆ ಏನೋ ಇದ್ದ ಹಾಗೆ ಅನ್ನಿಸಿ, ಆಮೇಲೆ ಅದರ ನೆನಪೂ ಉಳಿಯಲಿಲ್ಲ. ಭಾರ ಮುಟ್ಟಲು ಯಾರೂ ಬಿಡುತ್ತಿರಲಿಲ್ಲ. ಗುಂಡಿಯಕ್ಕ ದಿನಾ ಮೋಟುಗೋಡೆಯ ಆಚೆ ನಿಂತು "ಎತ್ತಿದ್ಯಾ?" ಅಂತ ಕಾವಲು ಕಾಯುತ್ತಿದ್ದಳು. ಸೊಸೆಯ ಹೊಟ್ಟೆ ಮುಂದೆ ಬಂದಿತ್ತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಕೂತು ಬಿಗಿ ಹಿಡಿದು ಬಿಡುವ ವ್ಯಾಯಾಮ ಮಾಡುತ್ತಿದ್ದರು, "ನನ್ನದು ಎಂಟಾಯ್ತು", "ನನ್ನದು ಹತ್ತಾಗಿ ಚಹಾ ಕುಡಿದೂ ಆಯ್ತು" ಅಂತ ಪಂದ್ಯ ಕಟ್ಟುತ್ತ.

ಆ ಗುರುವಾರ ಸೊಸೆಯ ಮಾತು ಮುಗಿದ ಮೇಲೆ ಗಂಡ ಬಂದು, "ನಾನೂ ಸಿಸ್ಟರ್ ಹತ್ರ ಸ್ವಲ್ಪ ಮಾತಾಡ್ಬೇಕು," ಅಂದು ಫೋನು ತೆಗೆದುಕೊಂಡು ತಾರಸಿಗೆ ಹೋದ. ಒಬ್ಬನೇ ಇರಬೇಕೆಂದು ಹೋದದ್ದು. ಆದರೆ ಬಿಳಿಯಮ್ಮ ಆಗಲೇ ಮೇಲೆ, ನಾಲ್ಕನೇ ಸಾಲಿನ ಚಾದರಗಳ ಹಿಂದೆ, ಒಣಗಿದವೇ ಎಂದು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಬರಿಗೈಯಲ್ಲಿ ಮೆಟ್ಟಿಲು ಹತ್ತುವುದು ಈಗ ಅವಳಿಗೊಂದು ಖುಷಿ.

"ಸಿಸ್ಟರ್, ನಾನು. ಅವಳ ಗಂಡ."

"ಹೇಳಿ, ಏನು ತೊಂದರೆ?" ಫೋನು ತಾರಸಿಗೆಲ್ಲ ಕೇಳುವ ಹಾಗೆ ಅಂದಿತು.

"ತೊಂದರೆ ಇಲ್ಲ. ಅವಳು ಚೆನ್ನಾಗಿದಾಳೆ. ನಗ್ತಾಳೆ. ಅದು... ಆ ರಿಂಗು ಇರೋವಾಗ... ನಾವು ಗಂಡ ಹೆಂಡತಿ..."

"ಒಟ್ಟಿಗೆ ಇರಬಹುದಾ ಅಂತಾನಾ? ಧಾರಾಳವಾಗಿ ಇರಬಹುದು. ರಿಂಗಿಗೂ ಏನಾಗಲ್ಲ, ಅವರಿಗೂ ಏನಾಗಲ್ಲ. ನೋವಾದ್ರೆ ಮಾತ್ರ ನಿಲ್ಲಿಸಿ ನನಗೆ ಹೇಳಿ. ಅದಕ್ಕೆ ಮೊದಲು ಅವರಿಗೆ ಮನಸ್ಸಿದೆಯಾ ಅಂತ ಕೇಳ್ಬೇಕು."

"ಅದೇ ಸಿಸ್ಟರ್. ಹೇಗೆ ಕೇಳೋದು? ಕೇಳಿ ಬಹಳ ವರ್ಷ ಆಯ್ತು. ಮರೆತು ಹೋಗಿದೆ."

ಚಾದರದ ಹಿಂದೆ ಬಿಳಿಯಮ್ಮ ಕಲ್ಲಿನಂತೆ ನಿಂತಳು. ಮುಖಕ್ಕೆ ಬಿಸಿ ಏರಿತು.

"ಅದನ್ನ ನಾನು ಹೇಳಿಕೊಡೋಕಾಗಲ್ಲ," ಅಂದರು ಸಿಸ್ಟರ್. ದನಿಯಲ್ಲಿ ನಗುವಿತ್ತು. "ಫೋನ್ ಇಟ್ಟು ಹೋಗಿ ಕೇಳಿ."

ಅವನು ಫೋನು ಇಟ್ಟ. ಅಷ್ಟರಲ್ಲಿ ಅಂಗಳದಿಂದ ಮಗನ ಕೂಗು ಬಂತು. "ಅಮ್ಮಾ, ಮೇಲೇ ಇದೀಯಲ್ಲ, ಖಾಲಿ ಬುಟ್ಟಿ ಕೆಳಗೆ ಬಿಡು!"

ಗಂಡ ಬೆಚ್ಚಿದ. ಮೊದಲ ಸಾಲಿನ ಚಾದರ ಸರಿಸಿದ, ಎರಡನೆಯದು ಸರಿಸಿದ, ಮೂರನೆಯದು. ನಾಲ್ಕನೆಯದರ ಹಿಂದೆ ಹೆಂಡತಿ.

"ಯಾವಾಗ ಬಂದೆ?"

"ನೀವು ಬರೋಕೆ ಮೊದಲೇ."

"ಎಲ್ಲಾ ಕೇಳಿಸ್ತಾ?"

"ಆ ಫೋನು ಎದುರು ಬೀದಿಗೂ ಕೇಳಿಸುತ್ತೆ."

ಅವನು ಅಂಗಿಯ ಗುಂಡಿ ತಿರುವುತ್ತ ನಿಂತ. ಬಿಳಿಯಮ್ಮ ತಂತಿಯಿಂದ ಒಂದು ಚಾದರ ಎಳೆದು ಅದರ ಎರಡು ಮೂಲೆ ತಾನು ಹಿಡಿದು, ಇನ್ನೆರಡು ಮೂಲೆ ಅವನತ್ತ ಚಾಚಿದಳು.

"ನಿಂತಿದೀರಲ್ಲ, ಆ ತುದಿ ಹಿಡೀರಿ."

ಇಬ್ಬರೂ ದೂರ ಸರಿದು ಚಾದರವನ್ನು ಬಿಗಿಯಾಗಿ ಎಳೆದರು. ಉದ್ದಕ್ಕೆ ಮಡಿಸಿದರು. ಮತ್ತೆ ಒಮ್ಮೆ ಮಡಿಸಿದರು. ಅವನು ತನ್ನ ತುದಿ ಹಿಡಿದು ಅವಳ ಹತ್ತಿರ ಬಂದ, ಮೂಲೆಗೆ ಮೂಲೆ ಕೂಡಿಸಿದ. ಬೆರಳು ಬೆರಳಿಗೆ ತಾಗಿತು. ಅವಳು ನಡುವೆ ಹಿಡಿದಳು, ಅವನು ಹಿಂದೆ ಸರಿದು ಮತ್ತೆ ಹತ್ತಿರ ಬಂದ. ಚಾದರ ಕಿರಿದಾದಷ್ಟೂ ಅವನು ಬರಬೇಕಾದ ದೂರ ಕಡಿಮೆಯಾಗುತ್ತಿತ್ತು. ಕೊನೆಯ ಮಡಿಕೆಗೆ ಇಬ್ಬರ ನಡುವೆ ಒಂದು ಗೇಣು ಮಾತ್ರ ಉಳಿಯಿತು. ಚಾದರ ಬೆಚ್ಚಗಿತ್ತು.

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಹೂಂ," ಅಂದಳು ಬಿಳಿಯಮ್ಮ.

"ನಾನಿನ್ನೂ ಕೇಳೇ ಇಲ್ಲ."

"ನೀವು ಕೇಳೋ ಹೊತ್ತಿಗೆ ಮೊಮ್ಮಗು ಹುಟ್ಟಿ ಓಡಾಡುತ್ತೆ," ಅಂದು ಅವಳು ಮಡಿಸಿದ ಚಾದರವನ್ನು ಅವನ ಎದೆಗೊತ್ತಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂಗಳದಲ್ಲಿ ಬುಟ್ಟಿಗೆ ಕಾಯುತ್ತಿದ್ದ ಮಗ ಇನ್ನೊಮ್ಮೆ ಕೂಗಲು ಬಾಯಿ ತೆಗೆದ. ಸೊಸೆ ಅವನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು.